ಸೊಂಟದ ಚೀಲದಲ್ಲಿ ಹಿಡಿಸದ ಸೀಟಿ

ಭಾವ ಒಬ್ಬರೇ ಬೆಟ್ಟಕ್ಕೆ ಹೊರಟಾಗ ಅವರ ಸೊಂಟದ ಚೀಲ ತುಂಬಿಕೊಟ್ಟವನು ನಾನೇ. ಬೆಂಕಿಪೊಟ್ಟಣ, ಚಾಕು, ಹಗ್ಗ, ಬ್ಯಾಂಡೇಜು, ಸೀಟಿ ಹಾಕಿದ ಮೇಲೆ ಜಿಪ್ ಎಳೆಯೋಕಾಗಲಿಲ್ಲ. "ಸೀಟಿ ಯಾಕೆ ಭಾವ, ನೀವೇನು ಚಿಕ್ಕ ಮಗುನಾ?" ಅಂತ ಅದನ್ನು ತೆಗೆದು ನನ್ನ ಜೇಬಿಗೆ ಹಾಕಿಕೊಂಡೆ.

ಮೂರು ದಿನವಾದರೂ ಅವರು ಬರಲಿಲ್ಲ. ಹುಡುಕಲು ಹೋದ ನಮ್ಮ ಆರು ಜನರಲ್ಲಿ ಐವರಿಗೆ ನಡುಮಧ್ಯಾಹ್ನ ಕಣಿವೆಯಿಂದ ಸೀಟಿ ಕೇಳಿಸಿತು. ಆ ಸದ್ದಿನ ಜಾಡು ಹಿಡಿದು ಹೋದರೆ ಹೆಣ ಸಿಕ್ಕಿತು. ಪ್ರಾಣ ಹೋಗಿ ಎರಡು ದಿನವಾಗಿದೆ ಅಂದರು ಡಾಕ್ಟರು. ನನಗೊಬ್ಬನಿಗೆ ಏನೂ ಕೇಳಿಸಿರಲಿಲ್ಲ. ಜೇಬಿಗೆ ಕೈ ಹಾಕಿದರೆ ಸೀಟಿ ಬೆಚ್ಚಗಿತ್ತು, ಬಾಯಿಂದ ಈಗಷ್ಟೇ ತೆಗೆದಂತೆ ಒದ್ದೆಯಾಗಿತ್ತು.

ಇಪ್ಪತ್ತು ಮೈಲಿ ದೂರದ ಮನೆಯಲ್ಲಿದ್ದ ಅಕ್ಕ ಅಳಲಿಲ್ಲ. "ಮಧ್ಯಾಹ್ನ ಅಷ್ಟು ಹೊತ್ತು ಊದಿದರಲ್ಲ, ನಿನಗೆ ಕೇಳಿಸ್ತಾ?" ಅಂದಳು.

"ಕೇಳಿಸ್ತು" ಅಂದೆ.

"ಇಲ್ಲ, ನಿನಗೆ ಕೇಳಿಸಿಲ್ಲ" ಅಂದವಳು, ಆಮೇಲೆ ನನ್ನ ಹತ್ತಿರ ಮಾತೇ ಆಡಿಲ್ಲ.