ಅವನು ಕಾಲಿಡದ ಕೋಣೆ

ಫೆಬ್ರವರಿ ಹನ್ನೆರಡು, ಬುಧವಾರ, ಬೆಳಗ್ಗೆ ಏಳೂವರೆ. ಆಸ್ಟ್ರೇಲಿಯಾದ ಮರ್ರೆ ನದಿಯ ದಂಡೆಯಲ್ಲಿರುವ ಪೊಲೀಸ್ ಠಾಣೆಗೆ ದ್ರಾಕ್ಷಿ ಬೆಳೆಗಾರ ನಿಕ್ ಸೆರಾವೊಲೊ ಬಂದ. ಕೈಯಲ್ಲಿದ್ದ ಗೊಂಚಲನ್ನು ಮೇಜಿನ ಮೇಲಿಟ್ಟ. ಹಣ್ಣು ಒಡೆದು ರಸ ಸೋರುತ್ತಿತ್ತು.

"ನಿನ್ನೆ ಸಂಜೆ ಗಡಿ ಇಲಾಖೆಯವ್ರು ನನ್ನ ಆಳುಗಳನ್ನೆಲ್ಲ ಎತ್ಕೊಂಡು ಹೋದ್ರಂತೆ. ಪಕ್ಕದ ತೋಟದವ್ನು ಹೇಳ್ದ. ನಂಗೊಂದು ಮಾತು ತಿಳಿಸೋದು ಬೇಡ್ವಾ?"

ಸಾರ್ಜೆಂಟ್ ಐಲೀನ್ ಹಾಲೊರನ್ ಇಲಾಖೆಗೆ ಫೋನ್ ಮಾಡಿದಳು. ಆ ಕಡೆಗೆ ತಾವು ಯಾರನ್ನೂ ಕಳಿಸಿಲ್ಲ ಎಂಬ ಉತ್ತರ ಬಂತು.

ನಿಕ್ ಮೇಜಿನತ್ತ ಬಾಗಿದ. "ಹಾಗಾದ್ರೆ ಬಂದಿದ್ದು ಯಾರು?"

"ನಿಮ್ಮ ಆಳುಗಳಿಗೆ ವೀಸಾ ಇತ್ತಾ?"

"ಯಾರಿಗೂ ಇಲ್ಲ. ವೀಸಾ ಇದ್ದವರೇ ಬೇಕು ಅಂತ ಕೂತ್ರೆ ಹಣ್ಣು ಬಳ್ಳಿ ಮೇಲೇ ಕೊಳೆಯುತ್ತೆ. ಕಾನೂನು ಬಿಗಿ ಮಾಡಿದ್ಮೇಲೆ ಈ ದಂಡೆಲೂ ಜನ ಇಲ್ಲ, ಆ ದಂಡೆಲೂ ಇಲ್ಲ."

"ಅದಕ್ಕೇ ನಮ್ಮಮ್ಮ ದ್ರಾಕ್ಷಿ ರೇಟು ನೋಡಿ, ಇದೇನು ಚಿನ್ನದಂಗಡಿನಾ ಅಂತ ವಾಪಸ್ ಬಂದ್ಲು," ಎಂದ ಕಾನ್‌ಸ್ಟೆಬಲ್ ಡೀನ್.

"ಸಾಕು ಸುಮ್ನಿರೋ," ಎಂದಳು ಐಲೀನ್.

ನಿಕ್ ದನಿ ತಗ್ಗಿಸಿದ. "ಅವರಲ್ಲೊಬ್ಳು ತುಂಬು ಬಸುರಿ. ಮೆಲೆನೈಟೆ ಅಂತ, ಟೊಂಗಾ ದ್ವೀಪದವಳು."

ಹೊರಗೆ ಬಿಸಿಲು ಆಗಲೇ ಏರಿತ್ತು. ಐಲೀನ್ ದೂರು ದಾಖಲಿಸಿ ಜೀಪು ಹತ್ತಿದಳು.

ಎಂಟೂಕಾಲಿಗೆ ಆಳುಗಳ ಮನೆಯಲ್ಲಿ ಸ್ಥಳ ಮಹಜರು ಶುರುವಾಯಿತು. ಒಲೆಯ ಮೇಲೆ ತೆಂಗಿನಹಾಲಿಗೆ ಹಾಕಿದ ಕೆಸುವಿನೆಲೆ ತಳ ಹಿಡಿದು ಕರಕಲಾಗಿತ್ತು. ಪ್ರತಿ ಬಾಗಿಲಿನ ಚಿಲಕವೂ ಮುರಿದಿತ್ತು. ಕೊನೆಯ ಕೋಣೆಯದು ಮಾತ್ರ ನೆಟ್ಟಗಿತ್ತು. ಒಳಗೆ ಬಾಗಿಲಿನ ಪಕ್ಕದ ಮೊಳೆಯಲ್ಲಿ, ಟೊಂಗಾದವರು ಚರ್ಚಿಗೆ ಹೋಗುವಾಗ ಸೊಂಟಕ್ಕೆ ಸುತ್ತುವ ಚಾಪೆ. ಎದುರಿಗೆ ತೆರೆದ ಕಿಟಕಿ. ಮಂಚದ ಕೆಳಗೆ ಯಾರೋ ಉಸಿರಾಡುತ್ತಿದ್ದರು.

"ಪೊಲೀಸ್! ಹೊರಗೆ ಬನ್ನಿ!" ಡೀನ್ ಕೂಗಿದ. ಉಸಿರಿನ ಸದ್ದೇ ನಿಂತುಹೋಯಿತು.

ಐಲೀನ್ ಟೋಪಿ ತೆಗೆದು ನೆಲದ ಮೇಲೆ ಕೂತಳು. ನೀರಿನ ಬಾಟಲಿಯನ್ನು ಮಂಚದ ಕೆಳಗೆ ಉರುಳಿಸಿದಳು. ಎಷ್ಟೋ ಹೊತ್ತಿನ ಮೇಲೆ ಒಂದು ಕೈ ಅದನ್ನು ಎಳೆದುಕೊಂಡಿತು. ವಿಯೆಟ್ನಾಂನ ಥುಯ್, ಮೆಲೆನೈಟೆಯ ಜೊತೆ ಕೋಣೆ ಹಂಚಿಕೊಂಡವಳು, ರಾತ್ರಿಯೆಲ್ಲ ಅಲ್ಲೇ ಇದ್ದಳು.

"ಎಷ್ಟು ಜನ ಬಂದಿದ್ರು?"

"ಇಬ್ರು, ಅಕ್ಕಾ. ಅಡಗೋ ಮೊದ್ಲು ಕಿಟಕಿಯಿಂದ ಕಂಡೆ. ಒಬ್ಬ ಹೊರಗೆ ಮೈಕಲ್ಲಿ ಕೂಗ್ತಿದ್ದ. ಇನ್ನೊಬ್ಬ ಕಪ್ಪು ಸಮವಸ್ತ್ರದವ್ನು, ಮುಖಕ್ಕೆ ಬಟ್ಟೆ ಕಟ್ಟಿದ್ದ. ಬಾಗಿಲು ಒದೀತಾ ಬಂದ, ಬಾಯಿ ಮಾತ್ರ ಬಿಡ್ಲಿಲ್ಲ."

"ಈ ಬಾಗಿಲು?"

"ಒದೀಲಿಲ್ಲ. ತೆಗೆದ. ಬೂಟು ಹೊಸ್ತಿಲಲ್ಲೇ ನಿಂತ್ವು. ಆಮೇಲೆ ಅವನೇ ಮೆಲ್ಲಗೆ ಬಾಗಿಲು ಮುಚ್ಕೊಂಡು ಹೋದ."

"ಮೆಲೆನೈಟೆ?"

"ಅಷ್ಟ್ರಲ್ಲೇ ಕಿಟಕಿಯಿಂದ ಇಳಿದು ನದಿ ಕಡೆ ಓಡಿದ್ಲು. ಉಳಿದವ್ರನ್ನ ಯಾರೋ 'ಬನ್ನಿ, ಬಚ್ಚಿಡ್ತೀವಿ' ಅಂತ ವ್ಯಾನ್ ಹತ್ತಿಸ್ಕೊಂಡಿದ್ದು ಕೇಳಿಸ್ತು."

"ಕನಿಕರ ಬಂದಿರ್ಬೇಕು ಸಾರ್ಜೆಂಟ್, ಅದಕ್ಕೇ ಒಳಗೆ ನುಗ್ಗಿಲ್ಲ," ಎಂದ ಡೀನ್.

ಐಲೀನ್ ಚಾಪೆಯನ್ನೇ ನೋಡುತ್ತಿದ್ದಳು. ಫುಟ್‌ಬಾಲ್ ಕ್ಲಬ್ಬಿನವರ ಮನೆಯೂಟಗಳಲ್ಲಿ ಟೊಂಗಾದ ಹುಡುಗರು ತಟ್ಟೆ ಹಿಡಿದು ಹೊರಗೆ ನಿಲ್ಲುವುದನ್ನು ಅವಳು ಕಂಡಿದ್ದಳು. ಕೇಳಿದರೆ, ಒಳಗೆ ಅಕ್ಕ ಇದ್ದಾಳೆ ಎನ್ನುತ್ತಿದ್ದರು. ಒಡಹುಟ್ಟಿದವಳು ಮಲಗುವ ಕೋಣೆಗೆ ಅವರು ಸತ್ತರೂ ಕಾಲಿಡುವವರಲ್ಲ.

"ಮೆಲೆನೈಟೆಗೆ ಅಣ್ಣ ತಮ್ಮ ಯಾರಾದ್ರೂ ಇದ್ದಾರಾ?"

"ತಮ್ಮ ಇದ್ದಾನೆ, ಸೆಮಿಸಿ. ಆಚೆ ದಂಡೆಲಿ, ಕ್ರೇಗ್ ಅನ್ನೋ ಮೇಸ್ತ್ರಿ ಹತ್ರ."

ಡೀನ್ ವೈರ್‌ಲೆಸ್ ಕೈಗೆತ್ತಿಕೊಂಡ. "ನದಿ ದಂಡೆಗೆ ಹುಡುಕೋ ತಂಡ ಕರೆಸ್ಲಾ?"

"ಸಮವಸ್ತ್ರ ಕಂಡಷ್ಟೂ ಅವಳು ಇನ್ನೂ ಒಳಗೆ ಹೋಗಿ ಅಡಗ್ತಾಳೆ. ಈ ಬಿಸಿಲಲ್ಲಿ ಸಂಜೆವರೆಗೆ ಉಳಿಯಲ್ಲ. ಮೊದ್ಲು ಆ ತಮ್ಮನನ್ನ ಹಿಡಿ. ಅವನ ದನಿ ಕೇಳಿದ್ರೆ ಬಂದಾಳು."

ಸೇತುವೆಯಾಚೆ ಕ್ರೇಗ್ ಗುತ್ತಿಗೆ ಹಿಡಿದ ತೋಟದಲ್ಲಿ ನಿಕ್‌ನ ಆಳುಗಳು ತಲೆಯೆತ್ತದೆ ದ್ರಾಕ್ಷಿ ಕೊಯ್ಯುತ್ತಿದ್ದರು.

"ತಾವಾಗೇ ಬಂದ್ರು, ನಾನೇನು ಹಗ್ಗ ಹಾಕಿ ಎಳ್ಕೊಂಡು ಬಂದ್ನಾ?" ಎಂದ ಕ್ರೇಗ್.

ಐಲೀನ್ ಅವನನ್ನು ದಾಟಿ, ಹಣ್ಣಿನ ಪೆಟ್ಟಿಗೆ ಹೊತ್ತಿದ್ದ ಸೆಮಿಸಿಯ ಮುಂದೆ ನಿಂತಳು. "ನಿಮ್ಮಕ್ಕ ವ್ಯಾನ್ ಹತ್ಲಿಲ್ಲ. ಕಿಟಕಿಯಿಂದ ಹೋದ್ಲು."

ಪೆಟ್ಟಿಗೆ ಕೈಜಾರಿತು. ಸೆಮಿಸಿ ಕ್ರೇಗ್‌ನತ್ತ ತಿರುಗಿದ. "ಇನ್ನೊಂದು ಗಾಡೀಲಿ ಬಂದ್ಲು ಅಂದ್ಯಲ್ಲೋ!"

"ನೀನು ಒಳಗೆ ಯಾಕೆ ನೋಡ್ಲಿಲ್ಲ?" ಐಲೀನ್ ಕೇಳಿದಳು.

"ಅದು ಅಕ್ಕನ ಕೋಣೆ..." ಎಂದ ಸೆಮಿಸಿ.

ಹತ್ತು ನಲವತ್ತಕ್ಕೆ ಇಬ್ಬರಿಗೂ ಬೇಡಿ ಬಿತ್ತು. ಡೀನ್ ಕ್ರೇಗ್‌ನನ್ನು ಠಾಣೆಗೆ ಒಯ್ದ. ಐಲೀನ್ ಸಮವಸ್ತ್ರ ಕಾಣದಂತೆ ಅಂಗಿಯ ಮೇಲೆ ನಿಕ್‌ನ ಹಳೆಯ ಕೋಟು ತೊಟ್ಟು ಸೆಮಿಸಿಯನ್ನು ನದಿಗೆ ಕರೆತಂದಳು.

"ಅಕ್ಕಾ! ನಾನು, ಸೆಮಿಸಿ!"

ಮರಗಳ ನಡುವೆ ಏನೂ ಅಲುಗಲಿಲ್ಲ.

"ನಿನ್ನೆ ಬಂದವ್ನು ನಾನೇ, ಅಕ್ಕಾ! ದನಿ ಗುರುತು ಹಿಡೀತೀಯ ಅಂತ ಬಾಯಿ ಬಿಡ್ಲಿಲ್ಲ. ನಾವ್ಯಾರೂ ನಿಜವಾದ ಆಫೀಸರ್ ಅಲ್ಲ. ಬಾ!"

ದಂಡೆ ಕುಸಿದು ಬಯಲಾದ ಬೇರುಗಳ ಸಂದಿಯಿಂದ ಕೆಸರು ಮೆತ್ತಿದ ಕೈಯೊಂದು ಹೊರಬಂತು. ಸೆಮಿಸಿ ತಿರುಗಿ ಬೆನ್ನು ಹಾಕಿ ನಿಂತ.

ಅವನ ಹೇಳಿಕೆ ಚಿಕ್ಕದು. ಅವನ ವೀಸಾ ಒಂದೇ ತೋಟಕ್ಕೆ ಬರೆದದ್ದು. ಅಲ್ಲಿನ ಹೊಡೆತ ತಾಳದೆ ಓಡಿಬಂದ ದಿನವೇ ಅದು ಸತ್ತಿತು. ಆಳು ತರದಿದ್ದರೆ ನಿನ್ನನ್ನೂ ನಿನ್ನ ಅಕ್ಕನನ್ನೂ ಹಿಡಿದುಕೊಡುತ್ತೇನೆ ಎಂದಿದ್ದ ಕ್ರೇಗ್. ಅದಕ್ಕೇ ಈ ನಕಲಿ ದಾಳಿ; ಹೆದರಿ ಹೊರಗೋಡಿದವರನ್ನು ಬಚ್ಚಿಡುವ ನೆಪದಲ್ಲಿ ಕ್ರೇಗ್‌ನ ವ್ಯಾನ್ ಹತ್ತಿಸಿಕೊಂಡಿತು. ಜನ ಯಾವುದಕ್ಕೆ ಹೆದರಿ ಓಡುತ್ತಾರೆಂದು ಸೆಮಿಸಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಆಂಬುಲೆನ್ಸ್ ಬರುವ ತನಕ ಮೆಲೆನೈಟೆಯನ್ನು ಠಾಣೆಯ ಒಳಕೋಣೆಯಲ್ಲಿ ಮಲಗಿಸಿದ್ದರು. ಅವಳು ಕಣ್ಣು ಮುಚ್ಚಿರಲಿಲ್ಲ. ಹೊರಗೆ ಬೂಟಿನ ಸದ್ದಾದಾಗಲೆಲ್ಲ ಹೊಟ್ಟೆಯನ್ನು ಎರಡೂ ಕೈಯಿಂದ ಅವಚಿಕೊಳ್ಳುತ್ತಿದ್ದಳು.

ಸೆಮಿಸಿ ಬಿಸಿಲಿಗೆ ಕಾದ ಮೆಟ್ಟಿಲ ಮೇಲೆ ಬೇಡಿ ಹಾಕಿದ ಕೈಯನ್ನು ಮಡಿಲಲ್ಲಿಟ್ಟು ಕೂತಿದ್ದ.

"ಏಳಯ್ಯಾ, ಸುಟ್ಟುಹೋಗ್ತೀಯ. ಒಳಗೆ ಬಾ," ಎಂದ ಡೀನ್.

"ಅಕ್ಕ ಮಲಗಿದ್ದಾಳೆ," ಎಂದ ಸೆಮಿಸಿ. ಜಾಗ ಬಿಟ್ಟು ಏಳಲಿಲ್ಲ.