ಮಗ್ಗಲ ತೊಟ್ಟಿಲು

ಎಸ್ತರ ಕೂಸು ಮಲಗಿಸುವ ಆ ಕಾಟಿನ ಸುತ್ತ ಒಂದು ಸುತ್ತು ತಿರುಗಿ ಬಂದಳು. ನಾಲ್ಕೂ ಕಡೆ ಕಟಾಂಜನ. ಅವಳು ಕೇಳಿದ್ದು ಇದಲ್ಲವೇ ಅಲ್ಲ.

"ಚಾಚಾ, ಫೋನಿನಾಗ ಹೇಳಿದ್ದೆನಲ್ರಿ. ಬೆಡ್‌ಸೈಡ್ ಕಾಟ್. ಒಂದು ಮಗ್ಗಲು ಖುಲ್ಲಾ ಇರಬೇಕು."

ಅಂಗಡಿಯ ಮಾಲೀಕ ಗೌಸೋದ್ದೀನ ಹೆಮ್ಮೆಯಿಂದ ಗಡ್ಡ ನೀವಿಕೊಂಡರು. "ಖುಲ್ಲಾನೇ ಬಂದಿತ್ತು ಬೇಟಿ. ಹೈದರಾಬಾದಿನವರು ಗಡಬಡಿಯಾಗ ಒಂದು ಮಗ್ಗಲು ಹಚ್ಚೂದೇ ಮರ್ತಾರ ಅಂತ, ನಮ್ಮ ಮಿಸ್ತ್ರಿ ಕಡಿಂದ ಬಡಿಸಿ ಬರೋಬ್ಬರಿ ಮಾಡಿಸೀನಿ. ಕೂಸು ಬೀಳಬಾರದಲ್ಲ."

ಹಿಂದೆ ಯಾರೋ ನಗು ನುಂಗಿದ ಸದ್ದು. ಯಾರೋ ಏನು ಬಂತು, ಅವಳ ಗಂಡ ಮಚ್ಛೇಂದ್ರನೇ. ಎಸ್ತರ ತಿರುಗಿ ನೋಡಲಿಲ್ಲ. ಬೀದರಿನ ಆ ಫರ್ನಿಚರ್ ಅಂಗಡಿಯಲ್ಲಿ ಎತ್ತ ನೋಡಿದರೂ ಕನ್ನಡಿ: ಡ್ರೆಸ್ಸಿಂಗ್ ಟೇಬಲ್ಲಿಗೊಂದು, ಅಲಮಾರಿಯ ಬಾಗಿಲಿಗೊಂದು. ಎದುರಿನ ಕನ್ನಡಿಯಲ್ಲಿ ಅವನು ತುಟಿ ಕಚ್ಚಿಕೊಂಡು, ಏನೂ ಅರಿಯದವನಂತೆ ಸೀಲಿಂಗ್ ಫ್ಯಾನ್ ನೋಡುತ್ತಿದ್ದ. ಅವಳು ಕಣ್ಣು ಕೆಕ್ಕರಿಸಿದಳು. ಅವನು ಕನ್ನಡಿಯಲ್ಲೇ ಕೈ ಮುಗಿದ.

ಫ್ಯಾನಿಗೂ ಇವರಿಬ್ಬರಿಗೂ ಹಳೆಯ ನಂಟು. ಎಸ್ತರ ಬೀದರಿನ ಒಂದು ದವಾಖಾನೆಯಲ್ಲಿ ನರ್ಸ್ ಆಗಿದ್ದಾಗ ವಾರ್ಡಿನ ಫ್ಯಾನ್ ರಿಪೇರಿಗೆ ಬಂದ ಎಲೆಕ್ಟ್ರಿಷಿಯನ್ ಇವನು. ಬಂದವನು ಬರುತ್ತಲೇ ಇದ್ದ. ಫ್ಯಾನು ಮೊದಲ ದಿನವೇ ಸರಿಯಾಗಿತ್ತೆಂದು ವಾರ್ಡಿಗೆಲ್ಲ ಗೊತ್ತಿತ್ತು, ಪೇಶಂಟುಗಳಿಗೂ. ಅವಳದು ಭಾಲ್ಕಿ ತಾಲೂಕಿನ ಭಾತಂಬ್ರಾ, ಮೆಥೋಡಿಸ್ಟ್ ಮನೆತನ. ಅವನದು ಔರಾದ ಕಡೆಯ ಠಾಣಾ ಕುಶನೂರ, ಬೌದ್ಧರ ಮನೆ. ಎರಡೂ ಮನೆಯವರು ಒಂದಿಷ್ಟು ದಿನ ಮುಖ ಊದಿಸಿಕೊಂಡಿದ್ದು, ಕೊನೆಗೆ ಮದುವೆಯ ಊಟವನ್ನು ಮಾತ್ರ ಸೊಗಸಾಗಿ ಉಂಡರು.

ಈಗ ಅವರ ಮಗಳಿಗೆ ಸವಾ ತಿಂಗಳು, ಅಂದರೆ ನಲವತ್ತು ದಿನ, ತುಂಬಿತ್ತು. ಬಾಣಂತಿ ಹೊಸ್ತಿಲು ದಾಟಬಹುದು ಎಂದು ತಾಯಿ ಕ್ಯಾಥರಿನಮ್ಮ ಅಪ್ಪಣೆ ಕೊಟ್ಟಿದ್ದರು. ಕೊಟ್ಟು, ತಾವೂ ಜೊತೆಗೆ ಬಂದಿದ್ದರು. ಬೆಳಿಗ್ಗೆ ಕೂಸಿಗೆ ಇಂಜೆಕ್ಷನ್ ಹಾಕಿಸಿಯಾಗಿತ್ತು. ಎಪ್ರಿಲ್ ತಿಂಗಳ ಬೆಂಕಿಯಂಥ ಬಿಸಿಲಿನಲ್ಲೂ ಎಸ್ತರಳ ಕಿವಿಗೆ ಅರಳೆ, ತಲೆಗೆ ಬಿಗಿಯಾಗಿ ಸುತ್ತಿದ ಸ್ಕಾರ್ಫು.

"ಸಿಸ್ಟರ್," ಮಚ್ಛೇಂದ್ರ ಹತ್ತಿರ ಬಂದು ಮೆಲ್ಲಗೆ ಅಂದ. ಮದುವೆಯಾದ ಮೇಲೂ ಅವನು ಹಾಗೇ ಕರೆಯುತ್ತಿದ್ದ. "ಚಳಿಗಾಲದಾಗ ಜ್ವಾಳದ ಹೊಲ ಕಾಯಾವ್ರ ಹಂಗ ಕಾಣ್ತಿ ನೋಡು."

"ಕಾಣ್ಲಿ. ಹೊಲ ಬಿಟ್ಟು ಓಡಿ ಹೋಗಾವ್ರ ಹಂಗಂತೂ ಕಾಣೂದಿಲ್ಲ."

ತಮಾಷೆಗೆ ಆಡಿದ ಮಾತೇ. ಆದರೆ ಅವನ ನಗು ಅರ್ಧಕ್ಕೆ ನಿಂತಿತು. ನಾಡಿದ್ದು ಅವನು ಪುಣೆಗೆ ಹೊರಡುವವನಿದ್ದ.

ಎರಡು ವರ್ಷದಿಂದ ಮಳೆ ಕೈಕೊಟ್ಟಿತ್ತು. ಕಾರಂಜಾ ಜಲಾಶಯ ಒಣಗಿ, ಊರೂರಿಗೆ ಟ್ಯಾಂಕರ್ ಬರುತ್ತಿತ್ತು. ಪುಣೆ, ಹೈದರಾಬಾದ್ ಬಸ್ಸುಗಳಲ್ಲಿ ನಿಲ್ಲಲೂ ಜಾಗವಿಲ್ಲ. ಮಚ್ಛೇಂದ್ರ ಕಳೆದ ವರ್ಷವೇ ಪುಣೆಯಲ್ಲಿ ಕಟ್ಟಡಗಳ ವೈರಿಂಗ್ ಕೆಲಸಕ್ಕೆ ಹೋಗಿದ್ದ; ಈಗ ಹೆರಿಗೆಗೆಂದು ಊರಿಗೆ ಬಂದಿದ್ದ. ಹೋದ ಭಾನುವಾರ ಚರ್ಚಿನಿಂದ ಬಂದ ಮೇಲೆ ಭಾತಂಬ್ರಾದಲ್ಲಿ ಹಿರಿಯರು ಕೂತು ತೀರ್ಮಾನ ಮಾಡಿದರು. ಅವನ ತಾಯಿ ಕೌಸಲ್ಯಾಬಾಯಿಯೂ ಕುಶನೂರಿನಿಂದ ಬಂದಿದ್ದರು. ಅವನು ಪುಣೆಯಲ್ಲೇ ಇರಲಿ, ಎಸ್ತರ ಕೂಸಿನೊಂದಿಗೆ ತವರಿನಲ್ಲಿರಲಿ, ಮುಂದಿನದು ಮಳೆ ಬಂದ ಮೇಲೆ ನೋಡೋಣ. ಆ ಕಾಲದಲ್ಲಿ ಎಲ್ಲರ ಬಾಯಲ್ಲೂ ಅದೊಂದೇ ಮಾತು. ಮದುವೆ, ಮನೆ, ಹಲ್ಲುನೋವಿನ ಮದ್ದು, ಎಲ್ಲವೂ ಮಳೆ ಬಂದ ಮೇಲೆ.

ಎಸ್ತರ ಅಂದು ಗೋಡೆಗೆ ಒರಗಿ ಸುಮ್ಮನೆ ಕುಳಿತಿದ್ದಳು. ಮಾತು ಬಾರದೆ ಅಲ್ಲ. ಅವಳ ಮಾತಿಗೆ ವಾರ್ಡಿನ ದೊಡ್ಡ ಡಾಕ್ಟರೇ ಹೆದರುತ್ತಿದ್ದರು. ಇವಳು ನನ್ನ ಜೊತೆ ಇರಲಿ ಎಂದು ಅವನ ಬಾಯಿಂದ ಬರಲಿ ಅಂತ ಕಾದಿದ್ದಳು. ಅವನು ರೊಟ್ಟಿ ಮುರಿಯುತ್ತಲೇ ಇದ್ದ, ಬಾಯಿ ಬಿಡಲಿಲ್ಲ. ಅವಳಿಗೆ ಸಂಕಟವಾಗಿತ್ತು, ಸಿಟ್ಟೂ ಬಂದಿತ್ತು. ಆ ಸಿಟ್ಟು ಇನ್ನೂ ಆರಿರಲಿಲ್ಲ.

"ಚಾಚಾ, ಆ ಮಗ್ಗಲು ಬಿಚ್ಚಿಸ್ರಿ," ಎಂದಳು. "ಈ ಖುಲ್ಲಾ ಕಡಿ ತಾಯಿ ಮಂಚಕ್ಕ ಹತ್ತಿ ನಿಲ್ತದ. ಕೂಸು ಅತ್ರ ಏಳೂದು ಬ್ಯಾಡ, ಬಗ್ಗೂದು ಬ್ಯಾಡ. ಮಲಕೊಂಡೇ ಕೈ ಚಾಚಿದ್ರ ಸಿಗ್ತದ. ನಂದು ಆಪರೇಶನ್ ಹೆರಿಗಿ, ಹೊಲಿಗಿ ಇನ್ನಾ ಜಗ್ತಾವ."

"ತೌಬಾ," ಎಂದು ಗೌಸೋದ್ದೀನ ಹಣೆ ಚಚ್ಚಿಕೊಂಡರು. "ಅದಕ್ಕೇ ಮೊನ್ನೆ ಒಬ್ಬರು ನೋಡಿ ನಕ್ಕೋತ ಹೋದ್ರು. ಏ ಮಿಸ್ತ್ರಿ, ಮೊಳಿ ಕೀಳು."

ಕ್ಯಾಥರಿನಮ್ಮ ಮೊಮ್ಮಗಳನ್ನು ಎದೆಗವಚಿಕೊಂಡು ಮೂಗು ಮುರಿದರು. "ನಾ ನಾಲ್ಕು ಹಡದೀನಿ. ತೊಟ್ಟಿಲಂದ್ರ ಜಂತಿಗೆ ಕಟ್ಟೂದು, ಹಗ್ಗ ಜಗ್ಗೂದು. ಗ್ವಾಡಿ ಇಲ್ಲದ ಮನಿ ಇದ್ಹಂಗದ ಇದು."

ಮೊಳೆಗಳು ಕಿರ್ರೆಂದು ಹೊರಬಂದವು. ಕಾಟು ಒಂದು ಕಡೆ ತೆರೆದುಕೊಂಡು ನಿಂತಿತು. ಗೌಸೋದ್ದೀನ ಟೇಪು ಹಿಡಿದು ಕೆಳಗೆ ಕುಕ್ಕರುಗಾಲಲ್ಲಿ ಕುಳಿತರು.

"ಈಗ ಮಂಚದ ಎತ್ತರ ಹೇಳ್ರಿ. ಕಾಲು ಉದ್ದ ಅವ, ಮಂಚಕ್ಕ ಸರಿಸಮ ಕೊಯ್ದು ಕೊಡ್ತೇವಿ. ವಿಚಾರ ಮಾಡಿ ಹೇಳ್ರಿ, ಒಮ್ಮಿ ಕೊಯ್ದ ಕಾಲು ಮತ್ತ ಬೆಳಿಯೂದಿಲ್ಲ."

"ನಮ್ಮ ಹಗ್ಗದ ಹೊರಸಿನಷ್ಟು," ಎಂದರು ಕ್ಯಾಥರಿನಮ್ಮ ತಟ್ಟನೆ. "ಭಾತಂಬ್ರಾ ಮನ್ಯಾಗಿಂದು. ನನ್ನ ಮೊಣಕಾಲಿಗೂ ಬರೂದಿಲ್ಲ. ಆಕಿ ಅದರ ಮ್ಯಾಲೇ ಮಲಗ್ತಾಳ."

"ಹೊರಸಿನ ಮ್ಯಾಲ ಇಬ್ಬರು ಹ್ಯಾಂಗ ಹಿಡಿತಾರ?" ಗೌಸೋದ್ದೀನ ಮುಗ್ಧವಾಗಿ ಮಚ್ಛೇಂದ್ರನತ್ತ ತಿರುಗಿದರು. "ನೀವು ಎಲ್ಲಿ ಮಲಗ್ತೀರಪಾ?"

"ಪುಣೆದಾಗ್ರಿ," ಎಂದ ಮಚ್ಛೇಂದ್ರ. ಸ್ವಲ್ಪ ತಡೆದು, "ನೆಲದ ಮ್ಯಾಲ," ಅಂದ.

ಎಸ್ತರ ಈ ಸಲ ಕನ್ನಡಿ ಬಿಟ್ಟು ಅವನನ್ನೇ ನೋಡಿದಳು. ಮಂಚ ಅದ, ಮೆತ್ತನ್ನ ಗಾದಿ ಅದ, ಖಿಡಕಿ ಗಾಳಿ ಬರ್ತದ ಎಂದು ಇವನು ವರ್ಷವಿಡೀ ಫೋನಿನಲ್ಲಿ ಹೇಳುತ್ತಿದ್ದ. ಅದನ್ನು ಕೇಳಿಕೊಂಡೇ ಅವಳು ನಿದ್ದೆ ಹೋಗುತ್ತಿದ್ದಳು.

ಅಷ್ಟರಲ್ಲಿ ಕೂಸು ರಾಗ ತೆಗೆಯಿತು. ಕ್ಯಾಥರಿನಮ್ಮ ಅದನ್ನು ಲಾಲಿಸುತ್ತ ಹೊರಗಿನ ಬೇವಿನ ನೆರಳಿಗೆ ಹೋದರು. ಗೌಸೋದ್ದೀನರಿಗೆ ಇದ್ದಕ್ಕಿದ್ದಂತೆ ಚಹಾದ ನೆನಪಾಯಿತು. ಜಾಣ ಮನುಷ್ಯ, ಮಿಸ್ತ್ರಿಯನ್ನೂ ಎಬ್ಬಿಸಿಕೊಂಡು ಹೋದರು.

ಎರಡು ಅಲಮಾರಿಗಳ ನಡುವೆ ಗಂಡಹೆಂಡತಿ ಇಬ್ಬರೇ ಉಳಿದರು. ಕನ್ನಡಿಗಳಲ್ಲಿ ಮಾತ್ರ ಇನ್ನೂ ನಾಲ್ಕಾರು ಎಸ್ತರಂದಿರು, ನಾಲ್ಕಾರು ಮಚ್ಛೇಂದ್ರರು.

"ಸುಳ್ಳ ಯಾಕ ಹೇಳಿದಿ?"

"ನೀ ಬಸರಿ ಇದ್ದಿ. ನೆಲದ ಮ್ಯಾಲ ಎಂಟು ಮಂದಿ ಒಂದೇ ಖೋಲ್ಯಾಗ ಅಂದಿದ್ರ ನಿದ್ದಿ ಮಾಡ್ತಿದ್ದೇನು?"

"ಅದು ಬಿಡು. ಭಾನುವಾರ ಯಾಕ ಸುಮ್ಮ ಕುಂತಿ?"

ಅವನು ಕಾಟಿನ ಅಂಚನ್ನು ಬೆರಳಿನಿಂದ ಸವರುತ್ತ ನಿಂತ. "ಇಲ್ಲೇ ಬೀದರ ಬಾಜೂ ಕೊಳಾರದಾಗ ಒಂದು ಗೋದಾಮಿನವರು ಎಲೆಕ್ಟ್ರಿಷಿಯನ್ ಬೇಕಂತ ಕರ್ದಾರ. ಕಾಯಂ ಕೆಲಸ. ಪಗಾರ ಪುಣೆಕಿಂತ ಕಮ್ಮಿ. ಬೀದರದಾಗೇ ಇರಬಹುದು, ನಿನ್ನ ಜತಿ."

"ಯಾವಾಗ ಕರ್ದಾರ?"

"ಹೋದ ತಿಂಗಳ."

ಎಸ್ತರಳಿಗೆ ಒಂದು ಕ್ಷಣ ಅವನ ಕಿವಿ ಹಿಂಡಬೇಕೆನಿಸಿತು. "ಮತ್ತ ರೊಟ್ಟಿ ಮುರೀತಾ ಕುಂತಿದ್ದಿ."

"ನೀನೂ ಸುಮ್ಮ ಕುಂತಿದ್ದೆಲ್ಲ. ತವರಮನಿ ಸುಖ ಬಿಟ್ಟು ಬಾಡಗಿ ಖೋಲಿಗಿ, ಟ್ಯಾಂಕರ್ ನೀರಿಗೆ ಯಾಕ ಬರ್ತಾಳ ಅಂತ ಅನಸ್ತು. ಕೇಳಿ ಇಲ್ಲ ಅನಿಸ್ಕೊಳ್ಳೂದು ನನ್ನ ಕೈಲಿ ಆಗೂದಿಲ್ಲ ಎಸ್ತರ. ಫ್ಯಾನ್ ರಿಪೇರಿ ನೆವ ಹೇಳಿ ಹೇಳಿ ಬಂದಾವ ನಾ. ಬಾಯಿ ಬಿಟ್ಟು ಕೇಳಿದಾಕಿ ಆವಾಗೂ ನೀನೇ."

ಅದು ಖರೇನೇ. ಮದುವೆಯ ಮಾತು ಮೊದಲು ಎತ್ತಿದವಳು ಅವಳೇ, ವಾರ್ಡಿನ ಕಾರಿಡಾರಿನಲ್ಲಿ ನಿಂತುಕೊಂಡು. ಅವಳ ಸಿಟ್ಟು ಆರಿಹೋಯಿತು. ಆ ಜಾಗದಲ್ಲಿ ಪ್ರೀತಿ ಉಕ್ಕಿ ಬಂತು. ಈ ಮನುಷ್ಯ ತನಗೆ ಬೇಕು, ಫೋನಿನಲ್ಲಿ ಅಲ್ಲ, ಮಳೆ ಬಂದ ಮೇಲೂ ಅಲ್ಲ.

"ಕೇಳು ಹಂಗಾದ್ರ," ಎಂದಳು. "ಭಾತಂಬ್ರಾದಾಗೂ ಟ್ಯಾಂಕರ್ ನೀರೇ ಕುಡೀಲಕತ್ತೀನಿ, ಅಲ್ಲೇನು ಹೊಳಿ ಹರಿಯೂದಿಲ್ಲ. ಕೂಸು ದೊಡ್ಡದಾದ್ರ ನಾನೂ ಡ್ಯೂಟಿಗೆ ಹೋಗ್ತೇನಿ. ಮಳಿಗಂತ ನಾ ಕಾಯೂದಿಲ್ಲ. ನೀ ಇಲ್ಲದ ಮನ್ಯಾಗ ನನಗ ಯಾವ ಸುಖಾನೂ ಬ್ಯಾಡ. ಖರೇ ಹೇಳು, ನಿನಗ ನಾ ಮಗ್ಗಲಾಗ ಬೇಕೋ ಬ್ಯಾಡೋ?"

ಅವನ ಕಣ್ಣುಗಳು ತುಂಬಿ ಬಂದವು. ಸುತ್ತಲಿನ ಕನ್ನಡಿಗಳಲ್ಲೆಲ್ಲ ಅದು ಕಂಡಿತು, ಮುಚ್ಚಿಡಲು ಜಾಗವಿರಲಿಲ್ಲ. ಅವನು ಅವಳ ಸ್ಕಾರ್ಫಿನಿಂದ ಜಾರಿದ ಕೂದಲನ್ನು ಬೆರಳಿನಿಂದ ಒಳಗೆ ಸರಿಸಿದ. ಬೆರಳು ಕೆನ್ನೆಯ ಹತ್ತಿರವೇ ಸ್ವಲ್ಪ ಹೊತ್ತು ನಿಂತಿತು.

"ಬೇಕು," ಅಂದ. "ಪುಣೆದಾಗ ದಿನಾ ಬೇಕಾಗಿತ್ತು."

"ಹಾಂ. ಇದೇ ಮಾತು ಅವ್ವನ ಮುಂದ ನೀ ಹೇಳಬೇಕು. ನಾ ಹೇಳೂದಿಲ್ಲ. ಒಮ್ಮಿ ನಾ ಕೇಳೀನಿ, ಈ ಸಲ ಪಾಳಿ ನಿಂದು."

ಗೌಸೋದ್ದೀನ ಕೆಮ್ಮುತ್ತ ಒಳಗೆ ಬಂದರು, ಕೈಯಲ್ಲಿ ಚಹಾದ ತಟ್ಟೆ. "ಎತ್ತರ ಪಕ್ಕಾ ಆಯ್ತೇನು ಬೇಟಿ?"

"ಇಲ್ರಿ ಚಾಚಾ. ಎತ್ತರ ಆಮ್ಯಾಗ. ಮೊದಲ ನಮಗೊಂದು ಮಂಚ ತೋರಸ್ರಿ."

ಅವರು ಇಬ್ಬರ ಮುಖವನ್ನೂ ನೋಡಿ, ಒಳಗೆ ಕರೆದೊಯ್ದರು. ಅಂಗಡಿಯ ಹಿಂಭಾಗದಲ್ಲಿ ಮಂಚಗಳು ಗೋಡೆಗೆ ಒರಗಿ ನಿಂತಿದ್ದವು, ಧೂಳು ಹಿಡಿದು. "ಈ ವರ್ಷ ಮಂಚ ಕೊಳ್ಳಾವ್ರೇ ಇಲ್ಲ. ಮಂದಿ ಬರೂದು ಮಾರಾಕ. ಇದು ನೋಡ್ರಿ, ಸಾಗವಾನಿ. ಮುಂಬೈಗೆ ಹೋದವ್ರು ಬಿಟ್ಟು ಹೋದದ್ದು." ಸ್ವಲ್ಪ ಅನುಮಾನಿಸಿ ಕೇಳಿದರು, "ಹೋದವ್ರ ಮಂಚ ನಡೀತದೇನು?"

"ಇರಾವ್ರು ತಗೋಳ್ಳಕತ್ತೇವಲ್ರಿ," ಎಂದಳು ಎಸ್ತರ. "ನಡೀತದ."

ಮಚ್ಛೇಂದ್ರ ಮತ್ತು ಮಿಸ್ತ್ರಿ ಸೇರಿ ಮಂಚ ಜೋಡಿಸಿದರು. ಕಾಟನ್ನು ಅದರ ಮಗ್ಗುಲಿಗೆ ತಂದು ನಿಲ್ಲಿಸಿ, ಕಾಲಿನ ಮೇಲೆ ಪೆನ್ಸಿಲ್ ಗೆರೆ ಎಳೆದಾಯಿತು. ಮಿಸ್ತ್ರಿ ಗರಗಸ ಎತ್ತಿಕೊಂಡ. ಆಗಲೇ ಕ್ಯಾಥರಿನಮ್ಮ ನಿದ್ದೆ ಹೋದ ಮೊಮ್ಮಗಳನ್ನು ಹೊತ್ತು ಒಳಗೆ ಬಂದರು.

"ಇದ್ಯಾರ ಮಂಚ?"

ಎಸ್ತರ ತುಟಿ ಬಿಗಿದುಕೊಂಡು ಕನ್ನಡಿಯತ್ತ ನೋಡಿದಳು. ಇಲ್ಲಿಯೂ ಸುಮ್ಮನಾದರೆ ಇವನು ನಾಡಿದ್ದು ಬಸ್ಸು ಹತ್ತುತ್ತಾನೆ, ತಾನು ಹೊರಸಿಗೆ ಹೋಗಬೇಕು. ಕನ್ನಡಿಯಲ್ಲಿ ಅವನು ಅತ್ತೆಯತ್ತ ತಿರುಗಿದ.

"ನಮ್ದ್ರಿ ಅತ್ತಿ," ಎಂದ ಮಚ್ಛೇಂದ್ರ. "ನಾ ಪುಣೆಗೆ ಹೋಗೂದಿಲ್ಲ. ಕೊಳಾರದಾಗ ಕೆಲಸ ಹಿಡಿತೇನಿ. ಬೀದರದಾಗ ಖೋಲಿ ಮಾಡ್ತೇನಿ. ಎಸ್ತರ ಮತ್ತ ಕೂಸು ನನ್ನ ಜತಿ ಇರ್ತಾರ. ಇಬ್ಬರನ್ನೂ ಬಿಟ್ಟಿರೂದು ನನ್ನಿಂದ ಆಗೂದಿಲ್ರಿ. ನಮ್ಮ ಅವ್ವಗ ನಾನೇ ಹೇಳ್ತೇನಿ."

ಒಂದೇ ಉಸಿರಿಗೆ ಹೇಳಿ ಮುಗಿಸಿದ. ಕ್ಯಾಥರಿನಮ್ಮ ಅಳಿಯನ ಮುಖ ನೋಡಿದರು, ಮಗಳ ಮುಖ ನೋಡಿದರು. ಮಗಳು ನಗು ತಡೆಯಲಾರದೆ ಸ್ಕಾರ್ಫಿನ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಕ್ಯಾಥರಿನಮ್ಮನವರ ಕಣ್ಣು ಮಂಚಕ್ಕೆ ಹೋಯಿತು, ಅಲ್ಲಿಂದ ಪೆನ್ಸಿಲ್ ಗೆರೆಗೆ, ಅಲ್ಲಿಂದ ಗರಗಸಕ್ಕೆ.

"ತಡಿ," ಎಂದು ಮಿಸ್ತ್ರಿಯನ್ನು ಗದರಿದರು. "ಗಾದಿ ಹಾಕಿ ಅಳದೀರೇನು?"

ಮಿಸ್ತ್ರಿ ಗೌಸೋದ್ದೀನರನ್ನು ನೋಡಿದ, ಗೌಸೋದ್ದೀನ ಮಚ್ಛೇಂದ್ರನನ್ನು ನೋಡಿದರು, ಮಚ್ಛೇಂದ್ರ ಹೆಂಡತಿಯನ್ನು. ಯಾರಿಗೂ ಗಾದಿಯ ನೆನಪಾಗಿರಲಿಲ್ಲ.

"ಬರೇ ಹಲಗಿಗೆ ಸರಿಸಮ ಕೊಯ್ದು, ಮ್ಯಾಲ ಗಾದಿ ಹಾಸಿದ್ರ ಕೂಸು ತೆಗ್ಗಿನಾಗ ಮಲಗ್ತದ. ಇಷ್ಟು ಶ್ಯಾಣ್ಯಾರು ಇದ್ದೀರಿ, ಇದು ತಿಳೀಲಿಲ್ಲ." ಕ್ಯಾಥರಿನಮ್ಮ ಸಾಗವಾನಿ ಮಂಚದ ಅಂಚಿನಲ್ಲಿ ಕುಳಿತು, ಅಂಗೈಯಿಂದ ಒತ್ತಿ ನೋಡಿದರು. ಗಟ್ಟಿಯಾಗಿಯೇ ಇತ್ತು. "ಗಾದಿ ತವರಮನಿಯಿಂದ ಬರ್ತದ, ನಮ್ಮ ರೀತಿ ಅದು. ಹೊಸ ಅರಳಿ ತುಂಬಿಸಿ ಕಳಸ್ತೇನಿ. ಅದು ಬರೂತನ ಈ ಕಾಲಿಗೆ ಯಾರೂ ಕೈ ಹಚ್ಚಬ್ಯಾಡ್ರಿ."

ಹಾಗೆಂದು ಅವರು ಮಲಗಿದ ಮೊಮ್ಮಗಳನ್ನು ಎತ್ತಿ ಅಳಿಯನ ಕೈಗೆ ಕೊಟ್ಟರು.