ಎಡಗಾಲಿನ ಸಾಕ್ಸ್

ರವಿಕಿರಣ ಬಂದೇ ಬರುತ್ತಾನೆ ಎಂದು ಚಂದನಾಳಿಗೆ ಗೊತ್ತಿತ್ತು. ಆದರೂ ಕಣ್ಣು ಮಾತ್ರ ಗಳಿಗೆಗೊಮ್ಮೆ ಬಸ್ ಸ್ಟಾಪಿನ ಕಡೆಗೇ ಹೋಗುತ್ತಿತ್ತು.

"ಏ ಹುಡ್ಗಿ, ಬಲೆ ಈ ಬದಿಗೆ ಅದೆ. ಆ ಬದಿಗೆ ಎಂತ ನೋಡೂದು?" ಎಂದಳು ರುಕ್ಮಿಣಕ್ಕ. ಕಾರವಾರದ ಸಂತೆಯಲ್ಲಿ ಸೊಪ್ಪು ಮಾರುವ ಗಂಟಲು ಅವಳದು. ಕಿನ್ನರ ಊರಿನ ಫುಟ್‌ಬಾಲ್ ತಂಡ ಆಡುವಾಗ ಎದುರಾಳಿಗಳು ರೆಫರಿಗಿಂತ ಆ ಗಂಟಲಿಗೇ ಹೆಚ್ಚು ಹೆದರುತ್ತಿದ್ದರು.

ಅಷ್ಟರಲ್ಲಿ ಬಸ್ಸು ನಿಂತಿತು. ಅವನು ಇಳಿದ. ಒಂದು ಕೈಯಲ್ಲಿ ಕರಿ ಈಶಾಡ ಮಾವಿನಹಣ್ಣಿನ ಚೀಲ, ಮೈಮೇಲೆ ಕಿನ್ನರ ತಂಡದ ಹಳದಿ ಜೆರ್ಸಿ. ಇಳಿದವನೇ ಸುತ್ತ ಒಮ್ಮೆ ನೋಡಿ, ಬಗ್ಗಿ, ಎಡಗಾಲಿನ ಸಾಕ್ಸ್ ಮೆಲ್ಲಗೆ ಮೇಲೆ ಜಗ್ಗಿದ.

ಚಂದನಾ ತುಟಿ ಕಚ್ಚಿ ಮುಖ ತಿರುಗಿಸಿದಳು. ನಗು ಮಾತ್ರ ಅವಳ ಮಾತು ಕೇಳದೆ ಕೆನ್ನೆಗೆ ಬಂದು ಕೂತಿತು. ಆ ಸಾಕ್ಸ್‌ನ ಅರ್ಥ ಅವರಿಬ್ಬರಿಗೇ ಗೊತ್ತು: ಎಲ್ಲ ಮುಗಿದ ಮೇಲೆ ಹೊಳೆ ದಂಡೆಗೆ ಬಾ.

"ಬಂದ ನೋಡು ನಮ್ಮ ಅಂಕೋಲೆ ಬಾವ! ಅಣ್ಣ ರೋಷನ ಅಂಕೋಲೆ ತಂಡಕ್ಕೆ ಗೋಲ್‌ಕೀಪರು, ತಮ್ಮ ಈ ತಂಡಕ್ಕೆ ಬೊಬ್ಬೆ ಹೊಡಿಯೂದು. ನಿಮ್ಮನೇಲಿ ನಿಂಗೆ ಊಟಕ್ಕೆ ಹಾಕ್ತ್ರನ ಮಾರಾಯಾ?" ಎಂದಳು ರುಕ್ಮಿಣಕ್ಕ.

"ಹಾಕ್ತ್ರು ಅಕ್ಕಾ. ಆದ್ರೆ ಮೀನಿನ ತುಂಡು ಎಲ್ಲಾ ಅಣ್ಣಂಗೆ. ನಂಗೆ ಬರೀ ಸಾರು."

ಎಲ್ಲರೂ ನಕ್ಕರು. ಅವನು ಹಾಗೇ. ಕಾರವಾರದ ಮೊಬೈಲ್ ಅಂಗಡಿಯಲ್ಲಿ ಕೆಲಸ ಮಾಡುತ್ತ, ಎದುರಿನ ಮೆಡಿಕಲ್ ಶಾಪಿನ ಚಂದನಾಳನ್ನು ನೋಡುತ್ತ, ಅವಳ ಹಿಂದೆಯೇ ಒಂದು ಭಾನುವಾರ ಕಿನ್ನರಕ್ಕೆ ಬಂದಿದ್ದ. ಬಂದವನನ್ನು ಊರು ತನ್ನವನೆಂದುಕೊಂಡಿತು.

ಕಿನ್ನರದವರ ಮೈದಾನವೆಂದರೆ ಗದ್ದೆಯೇ. ಭತ್ತ ಕೊಯ್ದ ಮೇಲೆ ಫುಟ್‌ಬಾಲು, ಮಳೆ ಬಿದ್ದರೆ ಮತ್ತೆ ಭತ್ತ. ಹಾಗಾಗಿ ಮೇ ಮುಗಿಯುವ ಹೊತ್ತಿಗೆ ಒಂದು ಭಾನುವಾರ ಗೋಲಿನ ಕಂಬ ಕಿತ್ತು, ಬಲೆ ಬಿಚ್ಚಿ, ಬದುವಿನ ಗೋಳಿಮರದ ಕೆಳಗೆ ಹಾಸುತ್ತಾರೆ. ಮೀನುಗಾರರಿಂದ ಕೇಳಿ ತಂದ ಹಳೆಯ ಬಲೆ ಅದು. ಸೀಸನ್ ಪೂರ್ತಿ ಚೆಂಡು ಬಡಿದು ಹರಿದ ಕಣ್ಣುಗಳನ್ನು ಅಭಿಮಾನಿಗಳೇ ಕಟ್ಟಬೇಕು. ಬಲೆ ಹೆಣೆಯುವ ಸೂಜಿ ಒಂದೇ. ಅದು ಯಾರ ಕೈಯಲ್ಲಿದೆಯೋ ಅವರು ಒಂದು ಕಣ್ಣು ಕಟ್ಟುತ್ತ, ಆ ವರ್ಷ ತಾವು ಮರೆಯಲಾಗದ ಒಂದು ಆಟ ಹೇಳಬೇಕು. ಬೇರೆಯವರು ಬಾಯಿ ಹಾಕುವಂತಿಲ್ಲ. ಆಟಗಾರರಂತೂ ಕೂತು ಕೇಳಬೇಕಷ್ಟೇ. ವರ್ಷವೆಲ್ಲ ಅವರು ಆಡಿದ್ದಾರೆ, ಇವತ್ತು ನೋಡಿದವರ ಸರದಿ.

ಮೊದಲ ಸರದಿ ರುಕ್ಮಿಣಕ್ಕನದು.

"ಹಿಲ್ಲೂರಿನವ್ರ ಸಂಗಡ ಆಡಿದ್ದು. ನಮ್ಮ ಸುನಿಲ ಹೊಡ್ದ ಬಾಲು ಕಂಬಕ್ಕೆ ತಾಗ್ತು. ಅಂವ ಅಳೂಕೆ ಅಂತ ತಿರುಗಿ ಕೂತ. ಬಾಲು ವಾಪಸ್ ಬಂದು ಅವನ ಬೆನ್ನಿಗೆ ಬಡ್ದು ಒಳಗೆ ಹೋಯ್ತು! ಅಂವ ತನ್ನ ಗೋಲು ತಾನೇ ನೋಡ್ಲಿಲ್ಲ. ನಾವು ಬೊಬ್ಬೆ ಹೊಡ್ದದ್ದಕ್ಕೆ ಯಾರಿಗೋ ಹಾವು ಕಚ್ತು ಅಂತ ಹೆದ್ರಿ ಓಡಿ ಬಂದ."

ಸುನಿಲ ಮುಖ ಮುಚ್ಚಿಕೊಂಡ. ಮುರುಗಲ ಪಾನಕದ ಲೋಟಗಳು ಕೈಯಿಂದ ಕೈಗೆ ಹೋದವು. ಬಲೆಯ ಆಚೆ ಬದಿಯಿಂದ ರವಿಕಿರಣ ಲೋಟದ ಅಂಚಿನ ಮೇಲಿಂದ ಅವಳನ್ನೇ ನೋಡುತ್ತಿದ್ದ. ಅವಳು ನೋಡಿದ ಕೂಡಲೇ ಆಕಾಶ ನೋಡಿದ. ಅವಳು ಬೇರೆ ಕಡೆ ನೋಡಿದರೆ ಮತ್ತೆ ಅವಳನ್ನು.

ಸೂಜಿ ಸುಕ್ರಜ್ಜನ ಕೈಗೆ ಬಂತು. ಅಜ್ಜ ಮಾತಿಗೆ ಮೊದಲು ಬಹಳ ಹೊತ್ತು ದಾರ ಎಳೆದ.

"ನಾವು ಸೋತ ಫೈನಲ್ ಸುದ್ದಿ ಯಾರೂ ಎತ್ತೂದಿಲ್ಲ. ನಾ ಹೇಳ್ತೆ. ಕೊನೆಗೆ ಫ್ರೀಕಿಕ್ ಸಿಕ್ತಲ್ಲ, ಆವಾಗ ನಾ ಅಂಕೋಲೆಯವ್ರ ಗೋಲಿನ ಹಿಂದೇ ಕೂತಿದ್ದೆ. ಜಟ್ಟು ಬಾಲು ಇಟ್ಟ. ಆ ರೋಷನ, ಅಂವ ಬಾಲು ನೋಡ್ಲಿಲ್ಲ ಮಕ್ಕಳೇ. ಜಟ್ಟುನ ಕಾಲು ನೋಡ್ದ. ಜಟ್ಟು ಬಗ್ಗಿ ಸಾಕ್ಸ್ ಜಗ್ಗಿದ. ಒದಿಯೂಕೆ ಮೊದ್ಲೇ ಅಂವ ಬಲಮೂಲೆಗೆ ಹೊರಟಿದ್ದ. ಬಾಲು ಹೋಗಿ ಅವನ ಕೈಲೇ ಕೂತ್ಕಂತು. ಅದು ಆಟ ಅಲ್ಲ. ಅವಂಗೆ ಗೊತ್ತಿತ್ತು."

ಚಂದನಾಳ ಕೈಯಲ್ಲಿದ್ದ ಲೋಟ ಹಾಗೇ ನಿಂತಿತು.

ಜಟ್ಟು ಅವಳ ಅಣ್ಣ, ತಂಡದ ನಾಯಕ. ಎಡಗಾಲಿನ ಸಾಕ್ಸ್ ಜಗ್ಗಿದರೆ ಚೆಂಡು ಬಲಮೂಲೆಗೆ, ಜಗ್ಗದಿದ್ದರೆ ಎಡಕ್ಕೆ. ಒದ್ದ ಚೆಂಡು ಮರಳಿ ಬಂದರೆ ಯಾವ ಕಡೆ ಓಡಬೇಕೆಂದು ತನ್ನವರಿಗೆ ತಿಳಿಯಲಿ ಎಂದು ಇಟ್ಟುಕೊಂಡ ಗುರುತು. ಆಟಗಾರರನ್ನು ಬಿಟ್ಟರೆ ಗೊತ್ತಿದ್ದದ್ದು ಚಂದನಾಳಿಗೆ ಮಾತ್ರ. ಮನೆಯಂಗಳದಲ್ಲಿ ಅಣ್ಣ ಅಭ್ಯಾಸ ಮಾಡುವಾಗ ಎರಡು ತೆಂಗಿನಸಿಪ್ಪೆಯ ನಡುವೆ ಗೋಲ್‌ಕೀಪರಾಗಿ ನಿಲ್ಲುತ್ತಿದ್ದವಳು ಅವಳೇ.

ಅವಳು ಹೇಳಿದ್ದು ಒಬ್ಬನಿಗೆ.

ಸೆಮಿಫೈನಲ್ ಗೆದ್ದ ಸಂಜೆ, ಕಾರವಾರದ ಕಡಲ ತೀರ. ಕೈಯಲ್ಲಿ ಬೇಯಿಸಿದ ಶೇಂಗಾ, ಒಳಗೆ ಹೇಳದಿದ್ದರೆ ಉಸಿರುಗಟ್ಟುವಷ್ಟು ಖುಷಿ. "ಒಂದು ಗುಟ್ಟು ಹೇಳ್ತೆ. ನಿನ್ನ ಅಣ್ಣಂಗೂ ಹೇಳೂಕಾಗ." ಅವನು ಅವಳ ಕಿವಿಯ ಜುಮಕಿಯನ್ನು ಬೆರಳ ತುದಿಯಿಂದ ಮುಟ್ಟಿ, "ಈ ಜುಮಕಿ ಆಣೆ," ಎಂದಿದ್ದ. ಹೇಳಿ ಮುಗಿಸಿದಾಗ ಅವನು ಅಲ್ಲೇ ಮರಳಿನಲ್ಲಿ ಬಗ್ಗಿ ತನ್ನ ಸಾಕ್ಸ್ ಜಗ್ಗಿದ್ದ. "ಹಂಗಾದ್ರೆ ಇದು ಇನ್ನು ನಮ್ದೂ ಗುರುತು. ನಾ ಜಗ್ಗಿದ್ರೆ ನೀ ಬರ್ಬೇಕು." ಅವಳು ನಕ್ಕು ನಕ್ಕು ಶೇಂಗಾ ಚೆಲ್ಲಿದ್ದಳು.

ಈಗ ಅವಳು ಅವನತ್ತ ನೋಡಿದಳು. ಅವನು ಆಕಾಶ ನೋಡುತ್ತಿದ್ದ. ಈ ಸಲ ಆಟಕ್ಕಲ್ಲ.

ಸೂಜಿ ಶಿವಾನಂದನಿಗೆ ಹೋಯಿತು. ತಂಡಕ್ಕೆ ಟೆಂಪೊ ಹೊಡೆಯುವವನು, ಬಿಗಿ ಮನುಷ್ಯ.

"ಅಜ್ಜ ಅರ್ಧ ಹೇಳ್ದ. ಅರ್ಧ ನಾ ಹೇಳ್ತೆ. ಆಟ ಮುಗ್ದ ಮೇಲೆ ಜಟ್ಟು ಹೋಗಿ ಆ ರೋಷನನ್ನ ತಬ್ಬಿದ್ದು ಎಲ್ಲಾ ನೋಡಿದ್ರಿ. ಜಟ್ಟು ಮುಂದಿನ ವರ್ಷ ಅಂಕೋಲೆ ತಂಡಕ್ಕೆ ಹೋಗ್ತ ಅಂತ ಸುದ್ದಿ ಇತ್ತು. ಗುರುತು ಹೊರಗೆ ಹೋದದ್ದು ಬೂಟು ಹಾಕಿದವ್ರಿಂದ್ಲೇ. ನಂಗೆ ಹೇಳೂಕೆ ಕಷ್ಟ ಆಗ್ತದೆ. ಆದ್ರೆ ಮುಂದಿನ ಸಲ ಈ ಬಲೆ ಕಟ್ಟುವಾಗ ಜಟ್ಟು ನಮ್ಮ ನಾಯಕ ಆಗಿರೂದು ಬೇಡ."

ಜಟ್ಟು ಮಾತಾಡುವಂತಿರಲಿಲ್ಲ. ಆಡುವಂತಿದ್ದರೂ ಆಡುತ್ತಿರಲಿಲ್ಲ ಎಂದು ಚಂದನಾಳಿಗೆ ಆಗ ತಿಳಿಯಿತು. ಅವನು ತಲೆಯೆತ್ತಿ ತಂಗಿಯನ್ನು ಒಂದೇ ಒಂದು ಸಲ ನೋಡಿದ. ಸಿಟ್ಟಿರಲಿಲ್ಲ. ಸುಮ್ಮನಿರು ಎನ್ನುವಂಥ ನೋಟ. ಗುಟ್ಟು ಹೋದದ್ದು ತಂಗಿಯಿಂದ ಎಂದು ಅಣ್ಣನಿಗೆ ಫೈನಲ್ ದಿನವೇ ಗೊತ್ತಾಗಿದೆ. ಎರಡು ವಾರ ಒಂದೇ ಮನೆಯಲ್ಲಿ, ಅವಳು ಬಡಿಸಿದ ಅನ್ನ ಉಂಡು, ಏನೂ ಕೇಳದೆ ಇದ್ದಾನೆ.

ಸೂಜಿ ಈಗ ರವಿಕಿರಣನ ಕೈಯಲ್ಲಿತ್ತು.

ಹೇಳು, ಎಂದಳು ಅವಳು ಮನಸ್ಸಿನಲ್ಲೇ. ಬಾಯಿ ತಪ್ಪಿ ಬಂತು ಅನ್ನು. ನಿನ್ನ ಅಣ್ಣ ಬೇಡಿಕೊಂಡ ಅನ್ನು. ಏನಾದರೂ ಅನ್ನು. ಹೇಳಿಬಿಟ್ಟರೆ ನಾನು ಎಲ್ಲರೆದುರು ಎದ್ದು ನಿನ್ನ ಪಕ್ಕ ಬಂದು ಕೂರುತ್ತೇನೆ.

ಅವನು ದಾರ ಸರಿಮಾಡಿಕೊಂಡ. ಅವಳನ್ನು ನೋಡಿದ. ಆ ಹಳೆಯ, ಅವಳಿಗೆ ಪ್ರಾಣವಾಗಿದ್ದ ನಗು ನಕ್ಕ.

"ಬೇಜಾರು ಸುದ್ದಿ ಸಾಕು. ನಾ ಮರೀದೇ ಇರೂದು ಕದ್ರಾದವ್ರ ಸಂಗಡ ಆಡಿದ್ದು. ನಾ ಇಲ್ಲಿಗೆ ಬಂದ ಮೊದಲ್ನೇ ಆಟ. ಜಟ್ಟಣ್ಣ ಮಧ್ಯದಿಂದ ಬಾಲು ತಕಂಡು ಹೊರಟ. ಒಬ್ಬನ್ನ ದಾಟ್ದ, ಇನ್ನೊಬ್ಬನ್ನ ದಾಟ್ದ. ಕೀಪರು ಮುಂದೆ ಬಂದ. ಅವನ ತಲೆ ಮೇಲಿಂದ ಹೂವು ಎತ್ತಿ ಹಾಕಿದಂಗೆ ಹಾಕ್ದ. ಗೋಲು! ನಾ ಅದನ್ನ ಪೂರಾ ನೋಡ್ಲೇ ಇಲ್ಲ. ಯಾಕೆ ಹೇಳಿ? ಬದುವಿನ ಮೇಲೆ ಒಬ್ರು ಹಾರಿ ಕುಣ್ದ್ರು. ಅವ್ರ ಒಂದು ಚಪ್ಪಲ್ಲು ಹಾರಿ ಬಂದು ನನ್ನ ತೊಡೆ ಮೇಲೆ ಬಿತ್ತು. ವಾಪಸ್ ಕೊಟ್ಟೆ. ಆದ್ರೆ ನನ್ನ ಮನಸ್ಸು ಇನ್ನೂ ವಾಪಸ್ ಬರ್ಲಿಲ್ಲ."

"ಓಹೋಹೋ!" ಎಂದು ರುಕ್ಮಿಣಕ್ಕ ನಿಯಮವನ್ನೆಲ್ಲ ಮರೆತು ಕೂಗಿದಳು. ಎಲ್ಲರ ಕಣ್ಣೂ ಚಂದನಾಳ ಮೇಲೆ. ಇಂಥದ್ದೊಂದು ಮಾತನ್ನು ಅವನು ಊರೆದುರು ಹೇಳಬೇಕೆಂದು ಅವಳು ಎಷ್ಟು ಭಾನುವಾರ ಕಾದಿದ್ದಳು. ಇವತ್ತು ಹೇಳಿದ. ಅಣ್ಣ ತಲೆ ತಗ್ಗಿಸಿ ಕೂತಿರುವಾಗ, ಆ ಅಣ್ಣನ ಗೋಲನ್ನೇ ಹೂವು ಮಾಡಿ ಅವಳ ಮುಡಿಗಿಟ್ಟ.

ಗಂಟು ಬಿಗಿದು, ಸೂಜಿಯನ್ನು ಅವಳತ್ತ ಚಾಚಿದ. ಕೊಡುವಾಗ ಅವಳ ಬೆರಳು ಮುಟ್ಟಿದ. ಅವಳು ಕೈ ಎಳೆದುಕೊಳ್ಳಲಿಲ್ಲ. ಸೂಜಿ ಮಾತ್ರ ತಗೊಂಡಳು.

"ನಾನೂ ಫೈನಲ್ ಸುದ್ದೀನೇ ಹೇಳ್ತೆ," ಎಂದಳು. ದಾರ ಎಳೆದು ಗಂಟು ಹಾಕತೊಡಗಿದಳು. "ಗುರುತು ಬೂಟು ಹಾಕಿದವ್ರಿಂದ ಹೋದದ್ದಲ್ಲ ಶಿವಾನಂದಣ್ಣ. ನನ್ನಿಂದ ಹೋಯ್ತು. ಜಟ್ಟಣ್ಣ ಯಾರಿಗೂ ಹೇಳ್ಬೇಡ ಅಂದಿದ್ದ. ನಾ ಒಬ್ರಿಗೆ ಹೇಳ್ದೆ. ನನ್ನವ್ರು ಅಂತ ಹೇಳ್ದೆ."

"ಯಾರಿಗೆ ತಂಗಿ?" ಸುಕ್ರಜ್ಜ ಕೇಳಿದ.

"ಅದನ್ನ ಅವ್ರೇ ಹೇಳ್ಲಿ ಅಜ್ಜಾ."

ಅವಳು ಸೂಜಿಯನ್ನು ಬಲೆಯ ನಡುವೆ ಇಟ್ಟಳು. ಯಾರು ಬೇಕಾದರೂ ಎತ್ತಿಕೊಳ್ಳಬಹುದಿತ್ತು. ಎಲ್ಲಿಂದಲೋ ಒಂದು ಮಿಂಚುಳ್ಳಿ ಕೂಗಿ ಹೋಯಿತು. ರವಿಕಿರಣ ಜೇಬಿನಿಂದ ಮೊಬೈಲು ತೆಗೆದು, ಬಾರದ ಮೆಸೇಜನ್ನು ಓದತೊಡಗಿದ.

ರುಕ್ಮಿಣಕ್ಕ ಅವನನ್ನು ನೋಡಿದಳು. ಅವನ ಜೆರ್ಸಿ ನೋಡಿದಳು. ಮಾವಿನಹಣ್ಣಿನ ಚೀಲವನ್ನು ಎತ್ತಿ ಅವನ ಕಾಲ ಬಳಿ ಇಟ್ಟಳು.

ಅವನು ಎದ್ದು ಹೊರಟಾಗ ಚಂದನಾ ರಸ್ತೆಯವರೆಗೆ ಹೋದಳು. ಅವನು ಸಾಕ್ಸ್ ಜಗ್ಗಿ ಕರೆದದ್ದಕ್ಕಲ್ಲ. ಕೇಳಬೇಕಿತ್ತು.

"ನನ್ನ ಅಣ್ಣಂಗೆ ಅದೇ ಕೊನೇ ಆಟ ಆಗ್ತಿತ್ತು ಚಂದೂ," ಎಂದ ಅವನು, ಕೇಳುವ ಮೊದಲೇ. "ಫೈನಲ್ ಸೋತ್ರೆ ಟೀಮಿಂದ ತೆಗೀತೇವೆ ಅಂದಿದ್ರು. ಮನೇಲಿ ಊಟ ಬಿಟ್ಟು ಕೂತಿದ್ದ. ನನ್ನ ಬಾಯಿಂದ ಬಂದುಹೋಯ್ತು. ನಿನ್ನ ಮೇಲಿನ ಪ್ರೀತಿ ಸುಳ್ಳಲ್ಲ."

"ಸುಳ್ಳಲ್ಲ ಅಂತ ನಂಗೂ ಗೊತ್ತು."

"ಮತ್ತೆ ನನ್ನ ಹೆಸ್ರು ಹೇಳದೇ ನನ್ನ ಉಳಿಸ್ದೆ ಅಲ್ಲಾ? ಅಂದ್ರೆ ನಿಂಗೂ..."

"ಉಳಿಸ್ಲಿಲ್ಲ ರವೀ. ನಿಂಗೆ ಬಿಟ್ಟೆ." ಅವಳು ಅವನ ಕಣ್ಣನ್ನೇ ನೋಡಿ ಹೇಳಿದಳು. ಅಷ್ಟು ಹೊತ್ತು ಅವನನ್ನು ನೇರ ನೋಡಿದ್ದು ಅದೇ ಮೊದಲು. ಮೊದಲೆಲ್ಲ ನಾಚಿಕೆ ಅಡ್ಡ ಬರುತ್ತಿತ್ತು. "ನಿನ್ನ ಅಣ್ಣಂಗೆ ಹೇಳ್ದೆ, ಅದನ್ನ ನಾ ಅತ್ತಾದ್ರೂ ನುಂಗ್ತಿದ್ದೆ. ಅಣ್ಣ ಅಲ್ಲನ ಅಂವ. ಆದ್ರೆ ನನ್ನ ಅಣ್ಣ ಅಲ್ಲಿ ಕೂತಿದ್ದ. ಸೂಜಿ ನಿನ್ನ ಕೈಲಿತ್ತು. ನೀ ಚಪ್ಪಲ್ಲಿನ ಕಥೆ ಹೇಳ್ದೆ."

ಬಸ್ಸು ಬಂತು. ಅವನು ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ತಿರುಗಿ, ಬಗ್ಗಿ ಎಡಗಾಲಿನ ಸಾಕ್ಸ್ ಜಗ್ಗಿದ. ಈ ಸಲ ಮುಖದಲ್ಲಿ ನಗು ಇರಲಿಲ್ಲ. ಬೇಡಿಕೆಯಿತ್ತು. ಬಸ್ಸು ಹೊರಡುವವರೆಗೂ ಹಾಗೇ ಬಗ್ಗಿ ನಿಂತಿದ್ದ.

ಚಂದನಾ ಜುಮಕಿಗಳನ್ನು ಬಿಚ್ಚಿ ಮುಷ್ಟಿಯಲ್ಲಿ ಹಿಡಿದುಕೊಂಡು ಗದ್ದೆಗೆ ಮರಳಿದಳು.

ಎಲ್ಲರೂ ಎದ್ದಿದ್ದರು. ಶಿವಾನಂದ ಜಟ್ಟುವಿನ ಭುಜದ ಮೇಲೆ ಕೈ ಹಾಕಿ ಏನೋ ಹೇಳಿ, ಮುಖ ಕೊಡಲಾಗದೆ ಟೆಂಪೊ ಕಡೆ ನಡೆದ. ಬಲೆ ಸುತ್ತುತ್ತಿದ್ದ ಅಣ್ಣನ ಎದುರು ಅವಳು ಕೂತು ಇನ್ನೊಂದು ತುದಿ ಹಿಡಿದಳು.

"ಗೊತ್ತಿದ್ದೂ ಯಾಕೆ ಕೇಳ್ಲಿಲ್ಲ?"

"ನೀ ಖುಷಿಲಿ ಇದ್ದೆ," ಎಂದ ಜಟ್ಟು. "ಮನೇಲಿ ಹಾಡು ಹೇಳ್ತಾ ತಿರುಗ್ತಿದ್ದೆ. ಹೆಂಗೆ ಕೇಳೂದು?"

ಏನಾದರೂ ಮಾತಾಡಬೇಕಲ್ಲ ಎಂದು ಅವಳು ಹೇಳಿದಳು: "ಮುಂದಿನ ವರ್ಷಕ್ಕೆ ಬೇರೆ ಗುರುತು ಮಾಡ್ಬೇಕಲ್ಲ. ನಂಗೆ ಮಾತ್ರ ಹೇಳ್ಬೇಡ ಮಾರಾಯಾ."

ಜಟ್ಟು ನಕ್ಕ. ಸುತ್ತ ನೋಡಿದ. ಕಾಳಿ ನದಿಯ ಮೇಲೆ ಮೋಡ ಇಳಿಯುತ್ತಿತ್ತು. ಹತ್ತಿರ ಯಾರೂ ಇರಲಿಲ್ಲ. ಬಲೆಯ ಮೇಲಿಂದ ಮುಂದೆ ಬಗ್ಗಿ, ಜುಮಕಿ ಇಲ್ಲದ ಅವಳ ಬರಿ ಕಿವಿಯಲ್ಲಿ ಹೊಸ ಗುರುತು ಯಾವುದೆಂದು ಪಿಸುಗುಟ್ಟಿದ.

ಅಲ್ಲಿಯವರೆಗೆ ಅಳದಿದ್ದ ಚಂದನಾ ಆಗ ಅತ್ತಳು.